ಗುಲಾಬಿ ಬಣ್ಣದ ಲೆಕ್ಕ

ಗೋಕಾಕದ ಕರದಂಟಿನಲ್ಲಿ ಬೆಲ್ಲವೂ ಉಂಟು, ತುಪ್ಪವೂ ಉಂಟು. ಸಿಹಿ ಹೆಚ್ಚಾದರೆ ಯಕೃತ್ತು ಅದನ್ನೂ ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೂ ಟ್ರೈಗ್ಲಿಸರೈಡ್ ಅಳೆಯುವ ರಕ್ತಪರೀಕ್ಷೆ ಬೇಕಾದದ್ದೇ.

ಅದರ ಜಾಣ್ಮೆ ನನಗೆ ಬಹಳ ಇಷ್ಟ. ಅಳೆಯೋಣವೆಂದರೆ ಈ ಕೊಬ್ಬಿಗೆ ಬಣ್ಣವೇ ಇಲ್ಲ. ಲೈಪೇಸ್ ಕಿಣ್ವ ಅದನ್ನು ಒಡೆದು ಗ್ಲಿಸರಾಲ್ ಬಿಡಿಸುತ್ತದೆ. ಮುಂದಿನ ಕಿಣ್ವಗಳು ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕೊನೆಗೆ ಗುಲಾಬಿ ಬಣ್ಣ ಮೂಡುತ್ತದೆ. ಬಣ್ಣ ಗಾಢವಾದಷ್ಟೂ ಕೊಬ್ಬು ಹೆಚ್ಚು. ಡೆಸಿಲೀಟರಿಗೆ 150 ಮಿಲಿಗ್ರಾಂ ಒಳಗಿದ್ದರೆ ನೆಮ್ಮದಿ. 1000 ದಾಟಿದರೆ ಮೇದೋಜೀರಕ ಗ್ರಂಥಿ ಉರಿಯೂತದ ಭಯ.

ಇದರ ನಿಜವಾದ ಹಿರಿಮೆ ಕಾಣುವುದು ರೋಗಿಯ ಎದೆಯಲ್ಲಿ ಸೇರಿಕೊಂಡ ನೀರನ್ನು ತೆಗೆದು ಪರೀಕ್ಷಿಸುವಾಗ. ನೀರು ಹಾಲಿನಂತೆ ಬೆಳ್ಳಗಿದ್ದರೆ ಅದು ಕೀವೋ, ದುಗ್ಧನಾಳ ಒಡೆದು ಸೋರಿದ ಕೊಬ್ಬಿನ ರಸವೋ? ಕಣ್ಣನ್ನು ನಂಬುವಂತಿಲ್ಲ, ಉಪವಾಸವಿದ್ದವರಲ್ಲಿ ಸೋರಿದ ರಸವೂ ತಿಳಿಯಾಗಿ ಕಾಣಬಹುದು. ಅದೇ ಗುಲಾಬಿ ಬಣ್ಣದ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಅದೇ ಅಳತೆಯಲ್ಲಿ ಟ್ರೈಗ್ಲಿಸರೈಡ್ 110 ದಾಟಿದರೆ ಬಹುಮಟ್ಟಿಗೆ ಸೋರಿಕೆಯೇ. 50ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಅಲ್ಲ. ನಡುವೆ ನಿಂತರೆ ಕೈಲೋಮೈಕ್ರಾನ್ ಎಂಬ ಕೊಬ್ಬಿನ ಕಣಗಳನ್ನು ಹುಡುಕಬೇಕು. ಸೋರಿಕೆ ಖಚಿತವಾದರೆ ವೈದ್ಯರು ರೋಗಿಯ ಊಟದಲ್ಲಿ ಎಣ್ಣೆ, ತುಪ್ಪ ಇಳಿಸಿ, ನಾಳ ಎಲ್ಲಿ ಒಡೆದಿದೆ ಎಂದು ನೋಡಲು ತೊಡಗುತ್ತಾರೆ.