ಮಡಿವಾಳಪ್ಪ ಎಂಬ ಹೆಸರು

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಮಡಿವಾಳಪ್ಪ, ಮಡಿವಾಳಯ್ಯ, ಮಡಿವಾಳಮ್ಮ ಎಂಬವು ಓಣಿಯಲ್ಲಿ ಕೂಗಿ ಕರೆಯುವ ಹೆಸರುಗಳು. ಮಡಿವಾಳ ಎಂದರೆ ಬಟ್ಟೆ ಒಗೆದು ಮಡಿ ಮಾಡುವವನು. ಕಸುಬಿನ ಈ ಹೆಸರು ಒಂದೇ ಜಾತಿಯ ಗಡಿಯೊಳಗೆ ಉಳಿಯದೆ ಹಲವು ಮನೆಗಳ ತೊಟ್ಟಿಲು ಸೇರಿದ್ದು ಈ ನೆಲದ ದೊಡ್ಡತನ.

ಬೇರು ಹನ್ನೆರಡನೆಯ ಶತಮಾನದಲ್ಲಿದೆ. ದೇವರಹಿಪ್ಪರಗಿಯ ಮಡಿವಾಳ ಮಾಚಿದೇವ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದ. ಕಾಯಕ ಮಾಡದವರ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ ಎನ್ನುತ್ತದೆ ಐತಿಹ್ಯ. 'ಕಲಿದೇವರದೇವ' ಅಂಕಿತದಲ್ಲಿ ವಚನ ಬರೆದ. ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಇವರಲ್ಲೆಲ್ಲ ಕಸುಬು ಹೆಸರಿನ ಹಿಂದೆ ನಿಂತ ವಿಶೇಷಣ. ಮಡಿವಾಳನಲ್ಲಿ ಮಾತ್ರ ಆ ವಿಶೇಷಣವೇ ಹೆಸರಾಯಿತು.

ಆ ಹೆಸರಿಗೆ ಹಾಡಿನ ಬಲ ಕೊಟ್ಟವರು ಪಕ್ಕದ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ. ಅವರ ತತ್ವಪದಗಳನ್ನು ಭಜನಾ ಮೇಳಗಳು ಏಕತಾರಿ, ದಮ್ಮಡಿ ಹಿಡಿದು ಇಂದಿಗೂ ಹಾಡುತ್ತವೆ. ಚನ್ನೂರ ಜಲಾಲ ಸಾಹೇಬ, ಖೈನೂರ ಕೃಷ್ಣಪ್ಪ ಅವರ ಶಿಷ್ಯರು. ಜಾತಿ, ಧರ್ಮ ಕೇಳದ ಗುರುವಿನ ಹೆಸರನ್ನು ಮಗುವಿಗಿಡಲು ಯಾರಿಗೆ ತಾನೆ ಹಿಂಜರಿಕೆ?

ಬೇರೆಡೆಯೂ ಹೀಗಾಗಿದೆ. ಕಲ್ಲು ಕಟ್ಟುವವನೆಂಬ ಅರ್ಥದ 'ಮೇಸನ್', 2011ರಲ್ಲಿ ಅಮೆರಿಕದ ಗಂಡುಮಕ್ಕಳ ಹೆಸರುಗಳಲ್ಲಿ ಎರಡನೆಯದಾಗಿತ್ತು. ಶಹಾಬಾದದ ಹಾಸುಗಲ್ಲು, ವಾಡಿಯ ಸಿಮೆಂಟು ದೇಶಕ್ಕೆಲ್ಲ ಹೋದರೂ ಇಲ್ಲಿ ಗೌಂಡಿಯ ಹೆಸರು ತೊಟ್ಟಿಲಿಗೆ ಬರಲಿಲ್ಲ. ಕಸುಬಿನ ಜೊತೆ ಒಬ್ಬ ಶರಣ, ಒಬ್ಬ ಹಾಡುಗಾರ ಸಿಕ್ಕಿದ್ದು ಮಡಿವಾಳನಿಗೆ.

ಈಗಿನ ಎಳೆಯರಿಗೆ ಚಿಕ್ಕ, ಹೊಸ ಹೆಸರುಗಳೇ ಇಷ್ಟ. ಆದರೂ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಮನೆಗಳಿವೆ. ಫೆಬ್ರವರಿ 1ರಂದು ಸರ್ಕಾರವೂ ಮಾಚಿದೇವರ ಜಯಂತಿ ಆಚರಿಸುತ್ತದೆ.