ಕ್ಷಮೆಯೂ ಸಾಮ್ಯವೂ: ಫಿಲೆಮೋನನ ಪತ್ರ ಮತ್ತು ಮಲೆನಾಡಿನ ಆಳು

ಸೊರಬ ತಾಲ್ಲೂಕಿನ ಗುಡವಿಯು ಇಂದು ಪಕ್ಷಿಧಾಮವೆಂದು ಪ್ರಸಿದ್ಧವಾಗಿದೆ. ಆದರೆ ಅದು ಸೇರಿದ ಮಲೆನಾಡಿನ ಸಾಮಾಜಿಕ ಚರಿತ್ರೆಯಲ್ಲಿ ಎರಡು ಶಬ್ದಗಳು ಮರೆಯಲಾಗದವು: ಹುಟ್ಟಾಳು, ಮಣ್ಣಾಳು. ಹುಟ್ಟಿನಿಂದಲೇ ಒಡೆಯನ ಮನೆಗೆ ಸೇರಿದವನು ಹುಟ್ಟಾಳು. ಭೂಮಿಗೆ ಬದ್ಧನಾದವನು ಮಣ್ಣಾಳು. ಈ ಶಬ್ದಗಳನ್ನು ಮುಂದಿಟ್ಟುಕೊಂಡು, ಕ್ರೈಸ್ತಧರ್ಮದ ಕ್ಷಮಾತತ್ತ್ವವು ಒಡೆಯ-ಆಳುಗಳ ಸಾಮ್ಯಕ್ಕೆ ಎಷ್ಟರಮಟ್ಟಿಗೆ ಆಧಾರವಾಗಬಲ್ಲುದೆಂಬುದನ್ನು ವಿವೇಚಿಸುವುದು ನಮ್ಮ ಉದ್ದೇಶ.

ಈ ತತ್ತ್ವದ ಮೂಲಪಾಠವೆಂದರೆ ಪೌಲನು ಸೆರೆಯಿಂದ ಫಿಲೆಮೋನನಿಗೆ ಬರೆದ 25 ವಚನಗಳ ಪತ್ರ. ಒಡೆಯನನ್ನು ಬಿಟ್ಟು ಓಡಿಹೋದವನೆಂದು ಸಂಪ್ರದಾಯವು ಹೇಳುವ ಒನೇಸಿಮನೆಂಬ ದಾಸನನ್ನು ಪೌಲನು ಹಿಂದಕ್ಕೆ ಕಳುಹಿಸುತ್ತಾನೆ. ಅವನನ್ನು ಸೋದರನಂತೆ ಸ್ವೀಕರಿಸಬೇಕೆಂದು ಕೇಳುತ್ತಾನೆ. ನಷ್ಟವೇನಾದರೂ ಆಗಿದ್ದರೆ ತಾನೇ ತೆರುವುದಾಗಿ ಒಪ್ಪುತ್ತಾನೆ. ದಾಸನು ಸೋದರನಾದ ಮೇಲೆ ದಾಸ್ಯಕ್ಕೆ ನ್ಯಾಯದ ನೆಲೆಯುಳಿಯುವುದಿಲ್ಲವೆಂಬುದು ನಿಜ. ಆದರೂ ಅವನನ್ನು ಬಿಡುಗಡೆಮಾಡೆಂಬ ಸ್ಪಷ್ಟ ವಿಧಿ ಅಲ್ಲಿಲ್ಲ. ಕ್ಷಮಿಸುವವನು ಒಡೆಯ, ಕ್ಷಮೆಯನ್ನು ಪಡೆಯುವವನು ದಾಸ. ದಾಸನ ದುಡಿಮೆಯನ್ನು ಉಂಡವನ ಋಣವೆಷ್ಟೆಂಬ ಪ್ರಶ್ನೆಯೇ ಏಳುವುದಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಈ ಪ್ರಶ್ನೆಯು ಮಲೆನಾಡಿನ ನೆಲದ ಮೇಲೆಯೇ ಎದ್ದುನಿಲ್ಲುತ್ತದೆ. ಪಾದ್ರಿ ಜೀವರತ್ನಯ್ಯನ ಬೋಧೆಯು ಬಲವಾಗಿ ಸೆಳೆಯುವುದು ಬೆಟ್ಟಳ್ಳಿಯ ಗೌಡರ ಮಗ ದೇವಯ್ಯನನ್ನು; ಸಿಂಬಾವಿಯ ಆಳು ಗುತ್ತಿಯನ್ನಲ್ಲ. ಸಾಮ್ಯದ ಮಾತು ಒಡೆಯನ ಜಗಲಿಯನ್ನು ಮುಟ್ಟಿತು, ಹೊಲಗೇರಿಯನ್ನು ಬಿಡಿಸಲಿಲ್ಲ. ಗುತ್ತಿಯೂ ಒಂದರ್ಥದಲ್ಲಿ ಒನೇಸಿಮನೇ. ತಿಮ್ಮಿಯ ಮದುವೆ ಬೇರೆಡೆ ಗೊತ್ತಾಗಿರಲು ಅವಳನ್ನು ಕರೆದುಕೊಂಡು ಓಡಿಹೋಗುತ್ತಾನೆ. ಆದರೆ ಕವಿಯು ಈ ಪಲಾಯನವನ್ನು ಕ್ಷಮೆಗೆ ಕಾದಿರುವ ಅಪರಾಧವೆಂದು ನಿರೂಪಿಸುವುದಿಲ್ಲ. ಅನುರಾಗದ ಸಹಜಧರ್ಮವೆಂದೇ ಕಾಣುತ್ತಾನೆ. ಹಿರಿದು-ಕಿರಿದೆಂಬ ಭೇದವನ್ನು ಪ್ರವೇಶದಲ್ಲಿಯೇ ನಿರಾಕರಿಸಿದ ಕೃತಿಗೆ ಇದು ಉಚಿತವೇ ಆಗಿದೆ. ಇಲ್ಲಿ ಸಾಮ್ಯವು ಒಡೆಯನ ಕೊಡುಗೆಯಲ್ಲ, ಕಥನದ ಪೂರ್ವಸಿದ್ಧ ನೆಲೆ.

ಸೊರಬಕ್ಕೆ ನೆರೆಯಾದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹವನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ಅಲ್ಲಿಯ ಗೇಣಿದಾರರು ದಾಸರಲ್ಲ, ದಿಟ. ಆದರೆ ಅವರು ಧಣಿಗಳಿಂದ ಬಯಸಿದ್ದು ದಯೆಯನ್ನಲ್ಲ, ಗೇಣಿ ಭತ್ತವನ್ನು ಅಳೆಯುವ ಕೊಳಗದ ನ್ಯಾಯವಾದ ಅಳತೆಯನ್ನು. ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಶಾಸನವೂ ಜೀತದಾಳಿನ ಸಾಲವನ್ನು ಒಡೆಯನ ಔದಾರ್ಯಕ್ಕೆ ಬಿಡದೆ ತಾನೇ ತೊಡೆದುಹಾಕಿತು.

ಹಾಗಾದರೆ ಕ್ಷಮೆಯು ನಿರರ್ಥಕವೆ? ಹಾಗೆಂದು ನಾವು ಹೇಳಲಾರೆವು. ದ್ವೇಷವು ಮುಗಿಯದೆ ಸಹಬಾಳುವೆಯಿಲ್ಲ. ಆದರೆ ಕ್ಷಮೆಯು ಒಮ್ಮುಖವಾಗಿ ಹರಿಯುವವರೆಗೆ ಅದು ಒಡೆತನದ ಸೌಮ್ಯರೂಪವಷ್ಟೆ. ಕ್ಷಮಿಸುವ, ಕ್ಷಮಿಸದಿರುವ ಅಧಿಕಾರವು ಆಳಿಗೂ ಬಂದಂದು ಪೌಲನು ಆಡಿದ ಸೋದರಶಬ್ದವು ಸಾರ್ಥಕವಾಗುತ್ತದೆಂದು ನಮ್ಮ ಅಭಿಪ್ರಾಯ.