ಇಂಧನದ ಲೆಕ್ಕ, ಬೆಳಕಿನ ಲೆಕ್ಕ

ವೈಜ್ಞಾನಿಕ ಕತೆಗಳನ್ನು ಓದುವಾಗ ಗಗನನೌಕೆಯ ಎಂಜಿನ್ನನ್ನು ನಾವು ಸಾಮಾನ್ಯವಾಗಿ ನಾಟಕದ ಹಿಂಪರದೆಯಂತೆ ನೋಡಿ ಮುಂದೆ ಹೋಗುತ್ತೇವೆ. ಕತೆ ಮನುಷ್ಯರದು, ಎಂಜಿನ್ ಅಲಂಕಾರಕ್ಕೆ ಎಂಬ ಭಾವನೆ. ಆದರೆ ಎರಡು ಹಳೆಯ ಇಂಗ್ಲಿಷ್ ಕತೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರೆ, ನೌಕೆ ಯಾವುದರ ಬಲದಿಂದ ಓಡುತ್ತದೆ ಎನ್ನುವುದೇ ಕತೆಯ ನೀತಿಯನ್ನೂ ಹಿಡಿದು ನಡೆಸುವುದು ಕಾಣುತ್ತದೆ. ಒಂದು, ಟಾಮ್ ಗಾಡ್ವಿನ್ 1954ರಲ್ಲಿ ಪ್ರಕಟಿಸಿದ 'ದ ಕೋಲ್ಡ್ ಈಕ್ವೇಷನ್ಸ್'. ಇನ್ನೊಂದು, ಆರ್ಥರ್ ಸಿ. ಕ್ಲಾರ್ಕ್ 1964ರಲ್ಲಿ 'ಸನ್‌ಜ್ಯಾಮರ್' ಎಂದು ಬರೆದು ಮುಂದೆ 'ದ ವಿಂಡ್ ಫ್ರಮ್ ದ ಸನ್' ಎಂದು ಹೆಸರು ಬದಲಿಸಿದ ಕತೆ.

ಗಾಡ್ವಿನ್ನನ ಕತೆ ಹಲವರಿಗೆ ಗೊತ್ತಿರಬಹುದು. ದೂರದ ಗ್ರಹವೊಂದರಲ್ಲಿ ಆರು ಜನ ಜ್ವರದಿಂದ ಸಾಯುವ ಸ್ಥಿತಿಯಲ್ಲಿದ್ದಾರೆ. ಅವರಿಗೆ ಔಷಧಿ ಒಯ್ಯುವ ಪುಟ್ಟ ನೌಕೆಯಲ್ಲಿ ಇಂಧನ ಒಬ್ಬ ಚಾಲಕನಿಗೆ ಸಾಕಾಗುವಷ್ಟೇ ಇದೆ. ಅಣ್ಣನನ್ನು ನೋಡುವ ಆಸೆಯಿಂದ ಹದಿನೆಂಟರ ಹುಡುಗಿಯೊಬ್ಬಳು ಕದ್ದು ಹತ್ತಿದ್ದಾಳೆ. ಅವಳ ತೂಕ ಸೇರಿದರೆ ನೌಕೆ ಸುರಕ್ಷಿತವಾಗಿ ಇಳಿಯದು, ಆರು ಜನರೂ ಉಳಿಯರು. ಕೊನೆಗೆ ಅವಳನ್ನು ಶೂನ್ಯಕ್ಕೆ ಬಿಡಲೇಬೇಕಾಗುತ್ತದೆ. ಸಮೀಕರಣಕ್ಕೆ ಕರುಣೆಯಿಲ್ಲ ಎನ್ನುವುದು ಕತೆಯ ಸಾರ.

ಇದರ ಹಿಂದಿರುವ ವಿಜ್ಞಾನ ಸುಳ್ಳಲ್ಲ. ರಷ್ಯಾದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ರಾಕೆಟ್ ಸಮೀಕರಣ ಹೇಳುವುದು ಇಷ್ಟೇ: ವೇಗ ಬೇಕಾದರೆ ಇಂಧನ ಉರಿಸಿ ಹಿಂದಕ್ಕೆ ಎಸೆಯಬೇಕು, ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಬೇಕು, ಅದನ್ನು ಹೊರಲು ಮತ್ತಷ್ಟು. ದೂರದೂರಿಗೆ ಹೊರಟ ಗಾಡಿಯಲ್ಲಿ ಎತ್ತಿನ ಮೇವೇ ತುಂಬಿಕೊಂಡು ಸರಕಿಗೆ ಜಾಗವಿಲ್ಲದಂತಾದ ಪಾಡು ಇದು. ಇಂಥ ನೌಕೆಯಲ್ಲಿ ಪ್ರತಿ ಗ್ರಾಮಿಗೂ ಬೆಲೆ ಇದೆ, ಮನುಷ್ಯನೂ ಒಂದು ತೂಕವೇ.

ಆದರೂ ಹುಡುಗಿಯನ್ನು ಕೊಂದದ್ದು ಭೌತಶಾಸ್ತ್ರವೇ? ಒಂದು ಹನಿ ಹೆಚ್ಚುವರಿ ಇಂಧನವಿಲ್ಲದೆ ನೌಕೆ ಕಳಿಸಿದವರು ಯಾರು? ಬಾಗಿಲಿಗೆ ಬೀಗ ಹಾಕದೆ ಬರೀ ಬೋರ್ಡು ತೂಗುಹಾಕಿದವರು ಯಾರು? ಕೋರಿ ಡಾಕ್ಟೊರೊ 2014ರ ಲೇಖನವೊಂದರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿ, ಹೊಣೆ ಲೇಖಕನದೇ ಹೊರತು ನಿಸರ್ಗದ್ದಲ್ಲ ಎಂದು ವಾದಿಸಿದ್ದಾರೆ. ನಮಗೂ ಹಾಗೇ ಅನ್ನಿಸುತ್ತದೆ. ಅಂಕಿಗಳನ್ನು ಮುಂದಿಟ್ಟು "ನಮ್ಮ ಕೈಯಲ್ಲೇನಿದೆ?" ಎನ್ನುವ ಮಾತು ನಮ್ಮಲ್ಲಿ ಅನೇಕರಿಗೆ ಆಫೀಸುಗಳಲ್ಲಿ ಕೇಳಿ ಪರಿಚಯವಿದೆ. ಅಂಕಿ ಸರಿಯಾಗಿಯೇ ಇರುತ್ತದೆ, ಅದನ್ನು ಹಾಗೆ ಕಟ್ಟಿದ ಕೈ ಮಾತ್ರ ಕಾಣುವುದಿಲ್ಲ.

ಈಗ ಕ್ಲಾರ್ಕ್ ಕತೆಗೆ ಬರೋಣ. ಇಲ್ಲಿ ಇಂಧನವೇ ಇಲ್ಲ. ಬೆಳಕು ಬಿದ್ದ ಮೇಲ್ಮೈಯನ್ನು ಅತಿ ಸೂಕ್ಷ್ಮವಾಗಿ ತಳ್ಳುತ್ತದೆ. ಆ ತಳ್ಳುವಿಕೆಯನ್ನೇ ನಂಬಿ ಭಾರಿ ಹಾಯಿಗಳನ್ನು ಬಿಚ್ಚಿದ ನೌಕೆಗಳು ಭೂಮಿಯ ಕಕ್ಷೆಯಿಂದ ಚಂದ್ರನತ್ತ ಪಂದ್ಯ ಹೂಡುತ್ತವೆ. ನಾಯಕ ಮರ್ಟನ್ನನ 'ಡಯಾನಾ'ದ ಹಾಯಿ ಐದು ಕೋಟಿ ಚದರ ಅಡಿ. ನಾವು ಲೆಕ್ಕ ಹಾಕಿ ನೋಡಿದೆವು: ಭೂಮಿಯ ಬಳಿ ಬಿಸಿಲು ಒಂದು ಚದರ ಕಿಲೋಮೀಟರ್ ಕನ್ನಡಿಯನ್ನು ತಳ್ಳುವ ಬಲ ಸುಮಾರು 9 ನ್ಯೂಟನ್. ಹಾಗಾದರೆ ಅಷ್ಟು ದೊಡ್ಡ ಹಾಯಿಗೂ ಸಿಗುವುದು ನಾಲ್ಕು ಕೆಜಿ ಚಿಲ್ಲರೆ ತೂಕದಷ್ಟು ಬಲ. ಆದರೆ ಅದು ನಿಲ್ಲುವುದಿಲ್ಲ. ಹನಿಹನಿಗೂಡಿದರೆ ಹಳ್ಳ ಎನ್ನುವ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕುತೂಹಲವೆಂದರೆ ಇಲ್ಲಿಯೂ ತೂಕ ಇಳಿಸಲು ಮನುಷ್ಯನನ್ನು ಹೊರಬಿಡುವ ಘಟನೆ ಇದೆ. ರಷ್ಯನ್ ನೌಕೆ ಕೊನೆಯ ಹಂತದಲ್ಲಿ ತನ್ನ ಸಹಚಾಲಕನನ್ನು ಬಿಟ್ಟು ಹಗುರಾಗುತ್ತದೆ. ಆದರೆ ಆತ ಕೂತಿರುವುದು ಸುರಕ್ಷಿತ ಕೋಶದಲ್ಲಿ, ಅದು ಪಂದ್ಯದ ಜಾಣ ನಡೆಯಷ್ಟೇ. ಕೊನೆಗೆ ಸೂರ್ಯನಲ್ಲಿ ಸ್ಫೋಟವಾಗಿ, ಬರಲಿರುವ ವಿಕಿರಣದ ಭಯದಿಂದ ಪಂದ್ಯವೇ ನಿಲ್ಲುತ್ತದೆ. ಮರ್ಟನ್ ತಾನೇ ಇಳಿದು, ಖಾಲಿ ನೌಕೆಯನ್ನು ನಕ್ಷತ್ರಗಳ ಕಡೆಗೆ ಹೋಗಲು ಬಿಡುತ್ತಾನೆ. ಗಾಡ್ವಿನ್ನನಲ್ಲಿ ನೌಕೆಗಾಗಿ ಮನುಷ್ಯಳು ಹೊರಬಿದ್ದರೆ, ಇಲ್ಲಿ ಮನುಷ್ಯ ಉಳಿದು ನೌಕೆ ಹೊರಟಿತು.

ಕ್ಲಾರ್ಕ್ ಕತೆಯಲ್ಲಿ ಕೊರತೆ ಇಲ್ಲವೆಂದಲ್ಲ. ಮರ್ಟನ್‌ನ ಒಳಗೆ ಏನು ನಡೆಯುತ್ತದೆಂಬುದು ನಮಗೆ ಅಷ್ಟಾಗಿ ತಿಳಿಯುವುದಿಲ್ಲ, ಉಳಿದ ಚಾಲಕರು ಹೆಸರಿಗಷ್ಟೇ ಇದ್ದಾರೆ. ಹೊಸ ಶೀರ್ಷಿಕೆಯೂ ತೊಡಕಿನದು. ಯಾರಾದರೂ ಇದನ್ನು ಕನ್ನಡಕ್ಕೆ ತಂದು 'ಸೌರಮಾರುತ' ಎಂದು ಕರೆದರೆ ತಪ್ಪಾದೀತು. ಸೌರಮಾರುತ ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹ, ಅದರ ಒತ್ತಡ ಬೆಳಕಿನ ಒತ್ತಡದ ಸಾವಿರದಲ್ಲೊಂದು ಪಾಲೂ ಇಲ್ಲ. ಹಾಯಿ ತುಂಬುವುದು ಬಿಸಿಲಿನಿಂದ. 'ಬಿಸಿಲ ಹಾಯಿ' ಎಂದರೆ ಅರ್ಥವೂ ಉಳಿದೀತು, ಕಿವಿಗೂ ಹಿತ.

ಕ್ಲಾರ್ಕ್ ಕತೆಯನ್ನು ಬರೀ ಕನಸು ಎಂದು ತಳ್ಳಿಹಾಕುವಂತಿಲ್ಲ. ಜಪಾನಿನ 'ಇಕಾರೋಸ್' 2010ರಲ್ಲಿ ಗ್ರಹಗಳ ನಡುವೆ ಹಾಯಿ ಬಿಚ್ಚಿತು. ಅದರ ಹಾಯಿಯ ದಪ್ಪ ಮಿಲಿಮೀಟರಿನ ನೂರರಲ್ಲೊಂದು ಪಾಲಿಗೂ ಕಡಿಮೆ. ಮರ್ಟನ್ ಹಗ್ಗ ಎಳೆದು ಮಾಡಿದ ಕೆಲಸವನ್ನು ಅದು ಅಂಚಿನ ದ್ರವಸ್ಫಟಿಕದ ಪಟ್ಟಿಗಳ ಹೊಳಪನ್ನು ಬದಲಿಸಿ ಮಾಡಿತು. 'ಲೈಟ್‌ಸೇಲ್ 2' ಎಂಬ ಐದು ಕೆಜಿಯ ನೌಕೆ 2019ರಲ್ಲಿ 32 ಚದರ ಮೀಟರ್ ಹಾಯಿ ಬಿಚ್ಚಿ, ಬಿಸಿಲಿನಿಂದಲೇ ತನ್ನ ಕಕ್ಷೆಯನ್ನು ಬದಲಿಸಿ ತೋರಿಸಿತು. 2022ರಲ್ಲಿ ವಾತಾವರಣದ ಎಳೆತಕ್ಕೆ ಸೋತು ಉರಿದುಹೋಯಿತು. ಇದೇ ತಾಳ್ಮೆಯ ಇನ್ನೊಂದು ದಾರಿ ಅಯಾನ್ ಎಂಜಿನ್. 2007ರಲ್ಲಿ ಹೊರಟ 'ಡಾನ್' ನೌಕೆಯ ಎಂಜಿನ್ನಿನ ಬಲ ಅಂಗೈ ಮೇಲಿಟ್ಟ ಒಂದು ಹಾಳೆ ಕಾಗದದ ತೂಕದಷ್ಟು. ವರ್ಷಗಟ್ಟಲೆ ಹಾಗೆ ತಳ್ಳಿಸಿಕೊಂಡೇ ಅದು 2011ರಲ್ಲಿ ವೆಸ್ಟಾವನ್ನೂ 2015ರಲ್ಲಿ ಸೀರಿಸ್ಸನ್ನೂ ಸುತ್ತಿತು.

ಹಾಗೆಂದು ರಾಕೆಟ್ಟಿನ ಋಣ ಹರಿದಿಲ್ಲ. 'ಕಾಸ್ಮಾಸ್ 1' ಎಂಬ ಹಾಯಿನೌಕೆ 2005ರಲ್ಲಿ ಹಾಯಿ ಬಿಚ್ಚುವ ಮೊದಲೇ ಕಳೆದುಹೋಯಿತು. ಸೋತದ್ದು ಹಾಯಿಯಲ್ಲ, ಅದನ್ನು ಹೊತ್ತ ರಾಕೆಟ್. ನೆಲದಿಂದ ಮೇಲೇಳಲು ಇಂದಿಗೂ ಬೆಂಕಿಯೇ ಬೇಕು. ಕ್ಲಾರ್ಕ್ ಕತೆಯನ್ನು ಕಕ್ಷೆಯಿಂದಲೇ ಶುರುಮಾಡಿ ಈ ಕಷ್ಟವನ್ನು ಜಾಣತನದಿಂದ ದಾಟಿಬಿಟ್ಟಿದ್ದಾರೆ.

ಆದ್ದರಿಂದ ಹೊಸ ಎಂಜಿನ್ ಬಂದರೆ ಮನುಷ್ಯ ತಾನಾಗಿ ಒಳ್ಳೆಯವನಾಗುತ್ತಾನೆ ಎಂದು ನಾವು ಹೇಳುತ್ತಿಲ್ಲ. ಹಾಯಿಗೂ ತೂಕದ ಲೆಕ್ಕವಿದೆ, ಅದೂ ಕಟ್ಟುನಿಟ್ಟಿನದೇ. ವ್ಯತ್ಯಾಸವಿರುವುದು ಹೊರಬಿಡುವವನಿಗೊಂದು ಕೋಶವನ್ನು ಮೊದಲೇ ಕಟ್ಟಿಡಲಾಗಿತ್ತೇ ಎಂಬುದರಲ್ಲಿ. ಗಾಡ್ವಿನ್ ಕತೆಯನ್ನು ಮಕ್ಕಳ ಕೈಗೆ ಕೊಡುವವರು ಕ್ಲಾರ್ಕ್ ಕತೆಯನ್ನೂ ಜೊತೆಗೆ ಕೊಡಲಿ ಎನ್ನುವುದು ನಮ್ಮ ಸಲಹೆ. ಸಮೀಕರಣ ಓದಲು ಬಂದರೆ ಸಾಲದು, ಅದನ್ನು ಬರೆದವರು ಯಾರೆಂದು ಕೇಳಲೂ ಬರಬೇಕು.